ನಾನು ಅಳದ ಹತ್ತು ನಿಮಿಷ

ನನ್ನ ತಂಗಿ ಗೌರಿ ಸತ್ತ ದಿನ ನಾನು ಅಳಲಿಲ್ಲ. ವಿಭೂತಿ ಕಣ್ಣಿಗೆ ಬಿತ್ತು, ಸೆರಗಿನಲ್ಲಿ ಒರೆಸಿಕೊಂಡೆ. ನಡೆದದ್ದು ಇಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಂಪ್ಯೂಟರಿನಲ್ಲಿ ಬೇರೆ ಥರ ಇದೆ. ಈಗಿನ ಕಾಲದಲ್ಲಿ ಎದುರಿಗೆ ನಿಂತು ನೋಡಿದವರ ಮಾತಿಗಿಂತ ಅದರ ಮಾತಿಗೇ ಬೆಲೆ.

ನನಗೆ ಅಳು ಸುಲಭವಾಗಿ ಬರುವುದಿಲ್ಲ. ಮದುವೆಯಾಗಿ ಹಂಗಳಕ್ಕೆ ಹೊರಟಾಗ ಮನೆಯವರೆಲ್ಲ ಅಳುತ್ತಿದ್ದರೆ ನಾನು ಗಾಡಿಯ ಚಕ್ರಕ್ಕೆ ಕೀಲು ಹಾಕಿದ್ದಾರೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದೆನಂತೆ. ನಮ್ಮವ್ವ ಸಾಯುವ ತನಕ ಅದನ್ನು ಹೇಳಿ ನಗುತ್ತಿದ್ದಳು. ಸಾವಿನ ಮನೆಯಲ್ಲಿ ಅಳುವವರಿಗೇನು ಬರವಿಲ್ಲ. ನೀರು ಕಾಯಿಸುವವರು, ಗುಂಡಿ ತೋಡುವವರಿಗೆ ಕಾಫಿ ಕಳಿಸುವವರು, ಬಿಲ್ವಪತ್ರೆ ತರಿಸುವವರು ಬೇಕು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಗೊತ್ತಿರುವುದು ಇಷ್ಟು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನನಗೂ ಗೌರಿಗೂ ಏಳು ವರ್ಷದಿಂದ ಮಾತಿರಲಿಲ್ಲ. ನನ್ನ ಮಗಳ ಮದುವೆಯಲ್ಲಿ ಪಾಯಸ ನೀರಾಗಿದೆ ಎಂದು ಬೀಗರ ಮುಂದೆ ಹೇಳಿಬಿಟ್ಟಿದ್ದಳು. ನೀರಾಗಿತ್ತು, ಅದು ಬೇರೆ ವಿಷಯ.

ಗೌರಿಯ ಗಂಡ ಮೊದಲೇ ಹೋಗಿದ್ದ. ಇದ್ದವಳು ಒಬ್ಬಳೇ ಮಗಳು, ನಾಗಮಣಿ. ಮಸ್ಕತ್ತಿನಲ್ಲಿ ಆಸ್ಪತ್ರೆ ಕೆಲಸ. ಅವ್ವ ಹೋದಳು ಎಂದು ತಿಳಿಸಿದರೆ ಅವಳಿಗೆ ರಜೆ ಸಿಗಲಿಲ್ಲ. "ದೊಡ್ಡವ್ವ, ಎಲ್ಲಾನೂ ವಿಡಿಯೋ ಮಾಡ್ಸಿ ಇಂಟರ್‌ನೆಟ್ಟಿಗೆ ಹಾಕ್ಸವ್ವ, ನಾನು ಇಲ್ಲೇ ನೋಡ್ಕತೀನಿ" ಎಂದು ಫೋನಿನಲ್ಲಿ ಗೋಳಾಡಿದಳು. ಗುಂಡ್ಲುಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಸಿದ್ದರಾಜುವನ್ನು ಚಾಮರಾಜನಗರದ ಗೌರಿಯ ಮನೆಗೆ ಕರೆಸಿದೆ. ಮದುವೆ ವಿಡಿಯೋದಲ್ಲಿ ಅವನು ಹೆಸರು ಮಾಡಿದವನು. ಅವನ ಕೈಗೆ ಸಿಕ್ಕಿದ ಗಂಡುಹೆಣ್ಣು ಗೋಪಾಲಸ್ವಾಮಿ ಬೆಟ್ಟದ ಮಂಜಿನಿಂದ ಎದ್ದು ಬಂದು ಗುಲಾಬಿ ಹೂವಿನೊಳಗೆ ಮಾಯವಾಗುತ್ತಾರೆ. ಸಾವಿಗೆ ಅಂಥವನು ಯಾಕೆ ಎನ್ನಬೇಡಿ. ಕ್ಯಾಮೆರಾ ಇದ್ದವರಲ್ಲಿ ನನಗೆ ಗೊತ್ತಿದ್ದವನು ಅವನೊಬ್ಬನೇ.

ಬೆಳಗಿನಿಂದ ಸಮಾಧಿಯವರೆಗೆ ಎಲ್ಲವನ್ನೂ ಹಿಡಿದ. ಒಂದು ವಾರ ಬಿಟ್ಟು ಸ್ಟುಡಿಯೋಕ್ಕೆ ಕರೆದು ತೋರಿಸಿದ. ನಾಲ್ಕು ಗಂಟೆ ಉದ್ದದ ಸಾವು ಹತ್ತು ನಿಮಿಷಕ್ಕೆ ಮುಗಿದಿತ್ತು.

"ಮಿಕ್ಕಿದ್ದು ಎಲ್ಲಿ ಓಯ್ತ್ಲಾ?"

"ಅಜ್ಜಿ, ಹತ್ತು ನಿಮಿಸಕ್ಕಿಂತ ಉದ್ದ ಇದ್ರೆ ಇಂಟರ್‌ನೆಟ್ಟು ತಗಳಕಿಲ್ಲ. ಅದೂ ಅಲ್ದೆ ಜನ ಕೂತು ನೋಡ್ಬೇಕಲ್ವಾ? ಮೊದಲ್ನೇ ಅರ್ಧ ನಿಮಿಸದಲ್ಲೇ ಹಿಡ್ಕಬೇಕು. ಇಲ್ದಿದ್ರೆ ಬೇರೆ ವಿಡಿಯೋಗೆ ಒಂಟೋಯ್ತಾರೆ."

"ಸತ್ತೋಳ ಮಗ್ಳು ಎಲ್ಲಿಗ್ಲಾ ಒಂಟೋಯ್ತಾಳೆ?" ಎಂದೆ. ಅವನಿಗೆ ಕೇಳಿಸಲಿಲ್ಲ.

ಅವನು ಮಾಡಿದ್ದ ಕೆಲಸ ಹೀಗಿತ್ತು. ಆ ದಿನವೆಲ್ಲ ನಾನು ಒಬ್ಬೊಬ್ಬರನ್ನೇ ಬೈದುಕೊಂಡು ಓಡಾಡಿದ್ದೆ. ಅದನ್ನೆಲ್ಲ ಕತ್ತರಿಸಿ ಎಸೆದಿದ್ದ. ಅಯ್ಯನವರು ಗೌರಿಯ ಹಣೆಗೆ ವಿಭೂತಿ ಬಳಿಯುವಾಗ ಫ್ಯಾನಿನ ಗಾಳಿಗೆ ಅದು ಹಾರಿ ನನ್ನ ಕಣ್ಣಿಗೆ ಬಿದ್ದಿತ್ತಲ್ಲ, ಆ ಹಾರಿದ್ದನ್ನು ತೆಗೆದು, ನಾನು ಕಣ್ಣೊರೆಸಿಕೊಳ್ಳುವುದನ್ನು ಮಾತ್ರ ಉಳಿಸಿದ್ದ. ಉಳಿಸಿ, ನಿಧಾನ ಮಾಡಿ, ಮೂರು ಸಲ ಹಾಕಿದ್ದ. ಹಿಂದೆ ಕೊಳಲು ಬೇರೆ. ಮೂರನೆಯ ಸಲಕ್ಕೆ ನನ್ನ ಮುಖ ಕಪ್ಪುಬಿಳುಪಾಗಿ, ಅದರ ಮೇಲೆ ಗೌರಿಯ ಮುಖ ಮೂಡಿ ಬಂತು. ನೋಡುತ್ತಾ ನೋಡುತ್ತಾ ನನಗೇ ಅಯ್ಯೋ ಅನ್ನಿಸಿತು, ಯಾರೋ ಪಾಪ, ತಂಗಿಯನ್ನು ಕಳೆದುಕೊಂಡಿದ್ದಾಳೆ ಎಂದು.

"ನಾನು ಅಳ್ನಿಲ್ವಲ್ಲ ಸಿದ್ದರಾಜು."

"ಯಾರ್ಗ್ ಗೊತ್ತಾದ್ದು ಬುಡಿ ಅಜ್ಜಿ. ಚೆಂದಾಗ್ ಬಂದದ."

ಚೆಂದಾಗಿ ಬಂದಿತ್ತು, ಸುಳ್ಳೇಕೆ ಹೇಳಲಿ. ಹಾಕು ಎಂದೆ. ಆ ತಪ್ಪು ನನ್ನದು.

ಎರಡು ದಿನ ಬಿಟ್ಟು ಸಂಜೆ ನಾಗಮಣಿಯ ಫೋನು ಬಂತು. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ದೊಡ್ಡವ್ವ, ಅವ್ವನ್ ಕಂಡ್ರೆ ನಿಂಗಾಗಕಿಲ್ಲ ಅನ್ಕಂಡಿದ್ದೆ ಕಣವ್ವ. ನಿನ್ ಮೊಕ ನೋಡಿ ನಂಗೆ ತಡ್ಯಕ್ಕಾಗ್ನಿಲ್ಲ. ಇನ್ನು ನಂಗೆ ತವರುಮನೆ ಅನ್ನೋದೇ ಇಲ್ಲ ಅನ್ಕಂಡಿದ್ದೆ. ದೀಪಾವಳಿಗೆ ರಜ ಕೊಡ್ತಾರೆ, ನಿನ್ ಮನೆಗೇ ಬತ್ತೀನಿ."

"ಬಾ ಕಣಮ್ಮಿ" ಎಂದೆ. ಬೇರೆ ಏನು ಹೇಳಲಿ?

ಫೋನು ಇಟ್ಟ ಮೇಲೆ ಯೋಚನೆ ಹತ್ತಿತು. ಈ ಹುಡುಗಿ ತವರು ಅಂತ ಬರುತ್ತಿರುವುದು ನನ್ನ ಮನೆಗೋ, ಸಿದ್ದರಾಜುವಿನ ಕೊಳಲಿಗೋ? ಬಂದು ಎರಡು ದಿನ ಇದ್ದರೆ ಸಾಕು, ನಾನು ಎಂಥವಳೆಂದು ತಿಳಿಯುತ್ತದೆ. ನಿಧಾನವಾಗಿ ಕಣ್ಣೊರೆಸಿಕೊಳ್ಳುವ ಆ ಮುದುಕಿಯನ್ನು ಮನೆಯೆಲ್ಲ ಹುಡುಕುತ್ತಾಳೆ, ಸಿಗುವುದಿಲ್ಲ. ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹಾಗಾಗುವುದಾದರೆ ಈಗಲೇ ಆಗಲಿ, ಅವಳು ಅಷ್ಟು ದೂರ ಬರುವುದಾದರೂ ತಪ್ಪುತ್ತದೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋದೆ. ಈರುಳ್ಳಿ ಲಾರಿಗಳ ಮಧ್ಯೆ ನುಗ್ಗಿಕೊಂಡು, ಸಿದ್ದರಾಜು ಬಾಗಿಲು ತೆಗೆಯುವ ಮೊದಲೇ ಸ್ಟುಡಿಯೋ ಮುಂದೆ ನಿಂತಿದ್ದೆ.

"ಇನ್ನೊಂದು ಹತ್ತು ನಿಮಿಸ ಮಾಡು. ಬೂದಿ ಕಣ್ಗೆ ಬಿದ್ದದ್ದು ಹಾಕು. ನಾನು ಬೈದದ್ದು ಹಾಕು."

"ಅದ್ನ ಯಾರ್ ನೋಡಾರು ಅಜ್ಜಿ?"

"ನೋಡೋಳು ಒಬ್ಳೇ ಕಣ್ಲಾ, ಕೂತ್ಕ."

ಗೊಣಗಿಕೊಂಡು ಕೂತ. ಬಿಸಾಕಿದ್ದ ತುಣುಕುಗಳನ್ನು ಒಂದೊಂದಾಗಿ ತೆಗೆದು ತೋರಿಸಿದ. ನನ್ನ ಗಂಟಲು ಅಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. "ರೇಸ್ಮೆ ಸೀರೆ ಬ್ಯಾಡ, ಮೈ ಕಡೀತದೆ ಅಂತಿದ್ಳು, ನೂಲಿಂದು ತನ್ನಿ" ಎಂದು ಹೆಂಗಸರ ಮೇಲೆ ಕೂಗಾಡುತ್ತಿದ್ದೆ. "ಅಷ್ಟ್ ಬಿಸಿ ನೀರು ಉಯ್ಬ್ಯಾಡಿ, ಅವ್ಳು ತಡ್ಯಕಿಲ್ಲ" ಎಂದು ಸತ್ತವಳಿಗೆ ನೀರು ಹದ ಮಾಡಿಸುತ್ತಿದ್ದೆ. ಇವೆಲ್ಲ ಇರಲಿ ಎಂದೆ. ಮುಂದೆ ನಾಗಮಣಿಯ ಗಂಡನ ಅಣ್ಣನನ್ನು ನೋಡಿ "ಎಲ್ಲಾ ಮುಗುದ್ ಮೇಲೆ ಬಂದವ್ನೆ ನೋಡು, ಸಾಯೇಬ್ರಂಗೆ" ಎಂದದ್ದು ಬಂತು. ಅವಳು ಆ ಮನೆಯಲ್ಲಿ ಬಾಳಬೇಕಲ್ಲ, ಅದೊಂದನ್ನು ತೆಗೆಸಿದೆ. ನನ್ನ ಸೆರಗು ಜಾರಿ ತಲೆಗೂದಲು ಕೆದರಿಕೊಂಡು ದೆವ್ವದ ಹಾಗೆ ಕಾಣುವ ಜಾಗವಿತ್ತು, ಅದನ್ನೂ ತೆಗೆಸಿದೆ.

ಅದಾದ ಮೇಲೆ ನನ್ನ ದನಿ ಮತ್ತೆ ಕೇಳಿತು. "ಏನ್ಲಾ ಸಿದ್ದರಾಜು, ಹೆಣದ್ ಸುತ್ತ ಇಂಗೆ ಕುಣೀತಿದ್ದಿಯಲ್ಲ, ಇದೇನ್ ಮದ್ವೆ ಚಪ್ರಾನಾ?"

ಸಿದ್ದರಾಜು ಯಂತ್ರ ನಿಲ್ಲಿಸಿ, ಮೆತ್ತಗೆ ನನ್ನ ಕಡೆ ತಿರುಗಿದ. "ಇದ್ನೂ ತೆಗ್ದ್‌ಬುಡ್ಲಾ ಅಜ್ಜಿ?"

"ಬ್ಯಾಡ" ಎಂದೆ. "ನಡ್ದದ್ದು ನಡ್ದಂಗೇ ಇರ್ಬೇಕು ಕಣ್ಲಾ."