ಪಕ್ಕದ ಗೋಡೆ ತಟ್ಟಿದ ಹಿಸಾನೊರಿ

ಕಡಿಮೆ ಖರ್ಚಿನಲ್ಲಿ ಊರು ಸುತ್ತುವ ವಿದ್ಯೆಯಲ್ಲಿ ತಮ್ಮನ್ನು ಮೀರಿಸುವವರು ಇಡೀ ಜಪಾನಿನಲ್ಲಿ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಇಲ್ಲ ಎಂಬುದು ಹಿಸಾನೊರಿ ಕುವಾಬಾರ ಅವರ ದೃಢವಾದ ನಂಬಿಕೆ. ಯೊನಾಗೊ ಊರಿನ ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ಮೇಲಂತೂ ಈ ನಂಬಿಕೆಗೆ ಬಿಡುವೂ ಸೇರಿಕೊಂಡು, ಮನೆಯವರಿಗೆ ಉಳಿಗಾಲವಿರಲಿಲ್ಲ. ಒಕಾಯಾಮಾದಲ್ಲಿ ಕೆಲಸಕ್ಕಿದ್ದ ಮಗಳು ಚಿಹಾಯಳ ಮದುವೆ ಅಲ್ಲೇ ಗೊತ್ತಾಗಿ, ಬೀಗರಾಗುವವರನ್ನು ಮೊದಲ ಸಲ ಕಾಣಲು ಆ ಊರಿಗೆ ಹೋಗಬೇಕಾಗಿ ಬಂತು. ಹೇಗೂ ಹೋಗುತ್ತೇವಲ್ಲ, ಬಿಸಿನೀರ ಬುಗ್ಗೆ ಇರುವ ವಸತಿಮನೆಯಲ್ಲಿ ಒಂದು ರಾತ್ರಿ ಉಳಿಯೋಣವೇ ಎಂದು ಹೆಂಡತಿ ತೊಮೊಯೆ ಕೇಳಿದ್ದೇ ತಪ್ಪಾಯಿತು.

"ಅದೆಲ್ಲ ದುಡ್ಡು ಹೆಚ್ಚಾದವರಿಗೆ. ನಾನು ಎಂಥ ಜಾಗ ಹಿಡೀತೀನಿ ನೋಡ್ತಾ ಇರು," ಎಂದರು ಹಿಸಾನೊರಿ.

ಹಿಡಿದದ್ದು, ಕಂಪನಿ ಕೆಲಸದ ಮೇಲೆ ಬಂದವರು ಅಗ್ಗಕ್ಕೆ ತಂಗುವ, ಸ್ಟೇಷನ್ ಪಕ್ಕದ ಒಂದು ಬಿಸಿನೆಸ್ ಹೋಟೆಲು. ಅದರಲ್ಲೂ ಜೋಡಿ ಕೋಣೆಯಲ್ಲ, ಅಕ್ಕಪಕ್ಕದ ಎರಡು ಒಂಟಿ ಕೋಣೆಗಳು! ಒಂದು ಜೋಡಿ ಕೋಣೆಗಿಂತ ಎರಡು ಒಂಟಿ ಕೋಣೆ ಅಗ್ಗ ಎಂಬ ಪರಮಸತ್ಯವನ್ನು ಅವರು ಕಂಪ್ಯೂಟರಿನ ಮುಂದೆ ವಾರಗಟ್ಟಲೆ ತಪಸ್ಸು ಮಾಡಿ ಕಂಡುಕೊಂಡಿದ್ದರು. ಬೆಳಗಿನ ತಿಂಡಿ ಉಚಿತ, ಮೇಲಿನ ಮಹಡಿಯ ಸ್ನಾನದ ಕೊಳ ಉಚಿತ, ಗಂಡಹೆಂಡಿರ ನಡುವೆ ಒಂದು ಗೋಡೆಯೂ ಉಚಿತ.

ಹಾಸಿಗೆಯ ಮೇಲೆ ಮಲಗಿದರೆ ಕೈಗೆ ಕೆಟಲು, ಕಾಲಿಗೆ ಬಾಗಿಲು ಸಿಗುವಂಥ ಕೋಣೆ ಅದು. ಸೂಟ್‌ಕೇಸು ತೆರೆಯಬೇಕಾದರೆ ಮನುಷ್ಯ ಹಾಸಿಗೆ ಹತ್ತಬೇಕು. ಮನುಷ್ಯ ಇಳಿಯಬೇಕಾದರೆ ಸೂಟ್‌ಕೇಸು ಮುಚ್ಚಬೇಕು. ತೊಮೊಯೆ ತನ್ನ ಕೋಣೆಯನ್ನು ಬಾಗಿಲಲ್ಲೇ ನಿಂತು ಪೂರ್ತಿ ನೋಡಿ ಮುಗಿಸಿ ಬಂದಳು. ಕೈಯಲ್ಲಿದ್ದ ಗಂಟನ್ನು ಗಂಡನ ಕೋಣೆಯ ಮೇಜಿನ ಮೇಲಿಟ್ಟಳು.

ಆ ಗಂಟೇ ಈ ಪ್ರಯಾಣದ ಪ್ರಾಣ. ಯೊನಾಗೊದ ಹಳೇ ಅಂಗಡಿಗೆ ಎಷ್ಟೋ ದಿನ ಮೊದಲೇ ಹೇಳಿ ಮಾಡಿಸಿದ ಸಿಹಿಯ ಪೆಟ್ಟಿಗೆ, ಅದಕ್ಕೆ ನೇರಳೆ ರೇಷ್ಮೆ ಬಟ್ಟೆಯ ಸುತ್ತು. ಮೊದಲ ಭೇಟಿಯಲ್ಲಿ ಮಾತಿಗಿಂತ ಮುಂಚೆ ಬೀಗರ ಕೈ ಸೇರುವುದು ಅದು. ಎಂಥ ಮನೆಯ ಹೆಣ್ಣು ಎಂದು ಅವರು ಅಳೆಯುವುದೂ ಅದರಿಂದಲೇ.

"ನನ್ನ ಕೋಣೇಲಿ ಇದನ್ನಿಟ್ಟರೆ ನಾನು ಹೊರಗೆ ಮಲಗಬೇಕು. ಇಲ್ಲಿರಲಿ, ಮುಟ್ಟಬೇಡಿ," ಎಂದಳು.

ಸ್ನಾನಕ್ಕೆ ಹೊರಡುವಾಗ ಗೋಡೆ ತಟ್ಟಿ ಕರೆಯುತ್ತೇನೆ, ಇಷ್ಟು ಹತ್ತಿರ ಇರುವಾಗ ಫೋನು ಯಾಕೆ ಎಂದು ಹಿಸಾನೊರಿ ಅಪ್ಪಣೆ ಕೊಡಿಸಿದರು. ಆಕೆ ಹೋದಳು. ಇವರು ಹೋಟೆಲಿನ ರಾತ್ರಿಯುಡುಪು ತೊಡಲು ನಿಂತರು. ತೋಳು ತೂರಿಸಲು ಹೋದರೆ ಮೊಣಕೈಗೆ ದೀಪ, ತಿರುಗಿದರೆ ಟಿವಿ, ಮತ್ತೆ ತಿರುಗಿದರೆ ಕೆಟಲು. ಗಾಣದೆತ್ತಿನಂತೆ ನಿಂತಲ್ಲೇ ಸುತ್ತಿ ಸುತ್ತಿ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಮಹಾಶಯರಿಗೆ ದಿಕ್ಕು ತಪ್ಪಿತ್ತು. ಹೆಂಡತಿಯ ಕಡೆಯ ಗೋಡೆಗೆ ಬೆನ್ನು ಹಾಕಿ, ಇನ್ನೊಂದು ಗೋಡೆಯನ್ನು ತಟ್ಟಿದರು.

ಆ ಕಡೆ ಟಿವಿ ಮಾತಾಡುತ್ತಿತ್ತು. ತಟ್ಟಿದೊಡನೆ ಅದರ ದನಿ ಇಳಿಯಿತು. ಆದರೆ ಯಾರೂ ಬರಲಿಲ್ಲ. ಇನ್ನೊಮ್ಮೆ ತಟ್ಟಿದರು. ಟಿವಿ ಬಂದಾಯಿತು. ಆಗಲೂ ಬರಲಿಲ್ಲ. ಕೇಳಿಸಿಕೊಂಡೂ ಬಾರದ ಹೆಂಡತಿಯ ಮೇಲೆ ರೇಗಿ, ಮುಷ್ಟಿ ಕಟ್ಟಿ ಧಬಧಬನೆ ಗುದ್ದಿದರು. ಆ ಕಡೆ ಉಸಿರಾಟವೂ ನಿಂತಂತಾಯಿತು.

ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಸದ್ದು. ತೆರೆದರೆ ಹೆಂಡತಿಯಲ್ಲ, ಅದೇ ರಾತ್ರಿಯುಡುಪಿನ ಒಬ್ಬ ಗಂಡಸು, ಎರಡೂ ಕೈಯಲ್ಲಿ ಕಾಗದ ಸುತ್ತಿದ ಒಂದು ಸಿಹಿಯ ಪೆಟ್ಟಿಗೆ ಹಿಡಿದು ಸೊಂಟ ಮುರಿಯುವಷ್ಟು ಬಾಗಿದ್ದಾನೆ. ಹೆಸರು ಇಗಾರಾಶಿ, ಪಕ್ಕದ ಕೋಣೆ, ಕಂಪನಿಯ ಕೆಲಸದ ಮೇಲೆ ಊರೂರು ತಿರುಗುವವನು. ಟಿವಿಯ ಸದ್ದಿನಿಂದ ಹಿರಿಯರಿಗೆ ಇಷ್ಟೊಂದು ತೊಂದರೆಯಾಗಿದ್ದು ತನಗೆ ತಿಳಿಯಲೇ ಇಲ್ಲ, ನಾಳೆ ಮೊದಲ ರೈಲಿಗೇ ಹೊರಟುಬಿಡುತ್ತೇನೆ, ಇವತ್ತೊಂದು ದಿನ ಮನ್ನಿಸಬೇಕು ಎಂದು ಕೇಳಿಕೊಂಡ. ಆ ಬಾಗುವಿಕೆಯಲ್ಲಿ ಎಂಥ ನುರಿತ ಕಸುಬು! ಅಷ್ಟು ಸೊಗಸಾಗಿ ಬಾಗಿದವನಿಗೆ, ನೀನು ಬಾಗಿದ್ದು ದಂಡ, ನಾನು ಹೆಂಡತಿ ಎಂದುಕೊಂಡು ನಿನ್ನ ಗೋಡೆ ಗುದ್ದಿದೆ ಎನ್ನುವುದು ಹೇಗೆ? ಅವನ ಮುಖ ಉಳಿಸಲು ಇವರೂ ಗಂಭೀರವಾಗಿ ತಲೆಯಾಡಿಸಿ ಪೆಟ್ಟಿಗೆ ತೆಗೆದುಕೊಂಡರು.

ಕಾದು ಸಾಕಾಗಿ ತೊಮೊಯೆ ತಾನೇ ಬಂದಳು. ಪೆಟ್ಟಿಗೆ ಕಂಡಳು, ಕಥೆ ಕೇಳಿದಳು. ಕೂರಲು ಬೇರೆ ಜಾಗವಿಲ್ಲದ್ದರಿಂದ ಹಾಸಿಗೆಯ ಮೇಲೇ ಕುಸಿದಳು.

"ತನ್ನ ಪಾಡಿಗೆ ಟಿವಿ ನೋಡ್ತಿದ್ದವನ ಗೋಡೆ ಗುದ್ದಿ ಸಿಹಿ ವಸೂಲಿ ಮಾಡಿದ್ರಾ?"

"ವಸೂಲಿ ಅಲ್ಲ ಕಣೇ, ಅವನೇ ತಂದುಕೊಟ್ಟ."

"ಸುಮ್ಮನಿರಿ. ತಗೊಂಡ ಮೇಲೆ ನಾವೂ ಪ್ರತಿಯಾಗಿ ಕೊಡಬೇಕು. ಈಗಲೇ ಬಟ್ಟೆ ಬದಲಾಯಿಸಿ, ಸ್ಟೇಷನ್ ಹತ್ರದ ದೊಡ್ಡ ಅಂಗಡಿಗೆ ಹೋಗಿ, ಮರ್ಯಾದಸ್ಥರು ಕೊಡುವಂಥದ್ದು ಏನಾದ್ರೂ ತಂದುಕೊಡಿ," ಎಂದು ಹೇಳಿ ಆಕೆ ಸ್ನಾನಕ್ಕೆ ಹೋದಳು.

ಮತ್ತೆ ಬಟ್ಟೆ ಬದಲಾಯಿಸುವುದೇ, ಈ ಕೋಣೆಯಲ್ಲಿ? ಅದೂ ಖರ್ಚು ಮಾಡುವುದಕ್ಕಾಗಿ? ಹಿಸಾನೊರಿ ಮೇಜಿನ ಕಡೆ ನೋಡಿದರು. ಎರಡು ಪೆಟ್ಟಿಗೆಗಳು, ಅಳತೆ ಒಂದೇ. ಇಗಾರಾಶಿಯದು ತೂಕವಾಗಿದೆ, ಮೇಲಿನ ಕಾಗದದಲ್ಲಿ ಟೋಕಿಯೋ ಅಂಗಡಿಯ ಹೆಸರಿದೆ. ಅವರ ಮಿದುಳು ದೀಪಾವಳಿಯ ಹೂಕುಂಡದಂತೆ ಹತ್ತಿಕೊಂಡಿತು. ಇಗಾರಾಶಿಗೆ ಯೊನಾಗೊದ ಸಿಹಿ, ಬೀಗರಿಗೆ ಟೋಕಿಯೋದ ಸಿಹಿ! ಯಾರಿಗೂ ನಷ್ಟವಿಲ್ಲ, ಕುವಾಬಾರ ವಂಶಕ್ಕಂತೂ ಇಲ್ಲವೇ ಇಲ್ಲ. ರೇಷ್ಮೆ ಗಂಟು ಬಿಚ್ಚಿದರು, ಪೆಟ್ಟಿಗೆ ಬದಲಾಯಿಸಿದರು, ಮೊದಲಿದ್ದಂತೆಯೇ ಗಂಟು ಬಿಗಿದರು. ಇಗಾರಾಶಿಯ ಬಾಗಿಲು ತಟ್ಟಿ, ಈ ಸಲ ತಾವೇ ಬಾಗಿ ಬಂದರು.

ಸ್ನಾನ ಮುಗಿಸಿ ಬಂದ ತೊಮೊಯೆ ಏನು ಕೊಟ್ಟಿರಿ ಎಂದು ಕೇಳಿದಾಗ, ಒಳ್ಳೆಯದನ್ನೇ ಕೊಟ್ಟೆ ಎಂದರು. ಅವನ ಪೆಟ್ಟಿಗೆ ಎಲ್ಲಿ ಎಂದಾಗ, ಭದ್ರವಾಗಿ ಕಟ್ಟಿಟ್ಟಿದ್ದೇನೆ ಎಂದರು. ಎರಡರಲ್ಲೂ ಸುಳ್ಳೇನೂ ಇರಲಿಲ್ಲ.

ಮಾರನೆಯ ಮಧ್ಯಾಹ್ನ ಒಂದು ಭೋಜನಶಾಲೆಯ ಚಾಪೆ ಹಾಸಿದ ಕೋಣೆಯಲ್ಲಿ ಎರಡೂ ಕುಟುಂಬ ಎದುರು ಬದುರು ಕೂತವು. ಆ ಕಡೆ ಉಶಿಯಾಮ ದಂಪತಿ, ಅವರ ಮಗ, ಕಿವಿ ಮಂದವಾದ ಅಜ್ಜಿ. ಈ ಕಡೆ ಕುವಾಬಾರ ದಂಪತಿ, ನಡುವೆ ಚಿಹಾಯ. ತೊಮೊಯೆ ರೇಷ್ಮೆ ಬಟ್ಟೆ ಬಿಚ್ಚಿದಳು. ಕಾಗದ ಬೇರೆ! ಆಕೆ ಗಂಡನ ಕಡೆ ಒಮ್ಮೆ ನೋಡಿದಳು. ಅಲ್ಲಿಗೆ ಅವರ ಮಧ್ಯಾಹ್ನದ ಹಸಿವು ಸತ್ತಿತು. ಆದರೆ ತೊಮೊಯೆ ನಗುಮುಖ ಕೆಡಿಸಿಕೊಳ್ಳದೆ ಪೆಟ್ಟಿಗೆಯನ್ನು ಬೀಗರ ಕಡೆ ತಿರುಗಿಸಿ ಮುಂದೆ ಸರಿಸಿದಳು.

ಉಡುಗೊರೆಯನ್ನು ಕೊಟ್ಟವರ ಎದುರಲ್ಲೇ ಯಾರೂ ಬಿಚ್ಚುವುದಿಲ್ಲ. ಒಳಗೇನಿದೆಯೆಂದು ತಮಗೇ ಗೊತ್ತಿಲ್ಲದ ಹಿಸಾನೊರಿ ಅದನ್ನು ನೆಚ್ಚಿಕೊಂಡು ಉಸಿರು ಬಿಟ್ಟರು. ಅಷ್ಟರಲ್ಲಿ ಅಜ್ಜಿ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಸಿಹೀನ ನಾಳೆಗೆ ಇಟ್ಟುಕೊಳ್ಳೋ ವಯಸ್ಸಲ್ಲ ನಂದು," ಎಂದು ಪರ್ರನೆ ಕಾಗದ ಹರಿದಳು.

ಒಳಗೆ, ಪೆಟ್ಟಿಗೆಗೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ದಪ್ಪ ಕುಂಚದ ಅಕ್ಷರಗಳು. ತನ್ನ ಕಿವಿಗೆ ಕೇಳಿಸಲೆಂದು ಅಜ್ಜಿ ಅಡುಗೆಮನೆಯವರೆಗೂ ಮುಟ್ಟುವಂತೆ ಓದಿದಳು: "ನಮ್ಮಿಂದಾದ ಮಹಾಪರಾಧಕ್ಕೆ ತಲೆಬಾಗಿ ಕ್ಷಮೆ ಬೇಡುತ್ತೇವೆ."

ಇಗಾರಾಶಿಯ ಉದ್ಯೋಗ ಏನೆಂದು ಹಿಸಾನೊರಿಗೆ ಆಗ ಹೊಳೆಯಿತು. ಕಂಪನಿ ಮಾಡಿದ ತಪ್ಪಿಗೆಲ್ಲ ಗಿರಾಕಿಗಳ ಮನೆಮನೆಗೆ ಹೋಗಿ ಬಾಗಿ ಬರುವುದೇ ಅವನ ಹೊಟ್ಟೆಪಾಡು. ಇಂಥ ಪೆಟ್ಟಿಗೆಗಳನ್ನು ಅವನು ಕಟ್ಟಿಸಿಟ್ಟುಕೊಂಡೇ ತಿರುಗುತ್ತಾನೆ. ಪಟ್ಟಿಯ ಕೆಳಗೆ ಕಂಪನಿಯ ಹೆಸರೂ ಇತ್ತು. ಆ ಸಣ್ಣ ಅಕ್ಷರ ಅಜ್ಜಿಯ ಕನ್ನಡಕಕ್ಕೆ ಸಿಗಲಿಲ್ಲ, ಉಳಿದವರ ಕಣ್ಣು ಮೇಲಿನ ಸಾಲು ಬಿಟ್ಟು ಇಳಿಯಲಿಲ್ಲ.

ಉಶಿಯಾಮ ಅವರು ಊಟದ ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಹೆಂಡತಿ ಚಿಹಾಯಳನ್ನು ನೋಡಿದರು, ಮಗನನ್ನು ನೋಡಿದರು, ಮತ್ತೆ ಚಿಹಾಯಳನ್ನು ನೋಡಿದರು. ಹುಡುಗಿಯ ಕಣ್ಣಲ್ಲಿ ನೀರಾಡಿತು.

"ಕುವಾಬಾರ ಅವರೇ, ತಪ್ಪು ತಿಳ್ಕೋಬೇಡಿ," ಎಂದರು ಉಶಿಯಾಮ. "ಹುಡುಗಿ ವಿಷಯದಲ್ಲಿ ನಮಗೆ ಹೇಳದೇ ಇರೋದು ಏನಾದ್ರೂ ಇದೆಯಾ?"

ಹಿಸಾನೊರಿ ಬಾಯಿ ತೆರೆದರು. ನಿಜ ಹೇಳಬೇಕಾದರೆ ಗೋಡೆಯಿಂದ ಶುರುಮಾಡಬೇಕು, ತಾವು ಉಳಿಸಿದ ದುಡ್ಡಿನಲ್ಲಿ ಮುಗಿಸಬೇಕು. ಮಗಳ ಮದುವೆ ಅದಕ್ಕೂ ಮುರಿಯುವಂಥದ್ದೇ. ಹೇಳಲು ಒಂದು ಒಳ್ಳೆಯ ಸುಳ್ಳೂ ಸಿಗಲಿಲ್ಲ. ತೆರೆದ ಬಾಯಿ ಹಾಗೇ ನಿಂತಿತು.

ತೊಮೊಯೆ ಚಾಪೆಯ ಮೇಲೆ ಎರಡೂ ಅಂಗೈ ಊರಿ, ನಿಧಾನವಾಗಿ ಬಾಗಿದಳು.

"ಹುಡುಗೀಲಿ ಯಾವ ಕೊರತೆಯೂ ಇಲ್ಲ. ಆದ್ರೆ ಮದುವೆ ಆದ ಮೇಲೆ ಇವರೂ ನಿಮಗೆ ಸಂಬಂಧಿಕರಾಗ್ತಾರಲ್ಲ," ಎಂದು ಅಜ್ಜಿಗೂ ಕೇಳಿಸುವಂತೆ ಹೇಳಿ ಗಂಡನ ಕಡೆ ಕೈ ತೋರಿಸಿದಳು. "ಅದಕ್ಕೆ ಈಗಲೇ ಕ್ಷಮೆ ಕೇಳಿಬಿಡೋಣ ಅಂತ ತಂದ್ವಿ."

ಇನ್ನೂ ಬಾಯಿ ತೆರೆದೇ ಕೂತಿದ್ದ ಹಿಸಾನೊರಿಯವರನ್ನು ಅಜ್ಜಿ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಪೆಟ್ಟಿಗೆಯ ಮುಚ್ಚಳ ಎತ್ತಿ, ಒಳಗಿದ್ದ ಸಿಹಿಯನ್ನು ನೋಡಿದಳು.

"ಇಷ್ಟೇನಾ?" ಎಂದಳು. "ಇವರಿಗೆ ಇದು ಸಾಕಾಗಲ್ಲ ಬಿಡಮ್ಮ."