ಹತ್ತು ಹೆಜ್ಜೆ ಮುಂದಿನ ಕೋಟು

ಆ ದಿನ ಬೆಳಿಗ್ಗೆ ಗಂಡ ಮೂರು ಸಲ ಮನೆಯಿಂದ ಹೊರಟ. ಒಂದು ಸಲ ಕುಂಚ ಮರೆತು ವಾಪಸು ಬಂದ. ಇನ್ನೊಂದು ಸಲ ಕನ್ನಡಕ ಮರೆತು ಬಂದ. ಮೂರನೆಯ ಸಲ ಏನನ್ನೂ ಮರೆತಿರಲಿಲ್ಲ, ಆದರೂ ಬಂದ.

"ಈಗೇನ್ರೀ?"

"ನಿನ್ನ ಪಾಸು ಜೋಪಾನ ಕಣೇ. ಎಲ್ಲಾದ್ರೂ ಇಟ್ಟು ಕಳ್ಕೊಂಡೀಯ."

"ಕಳ್ಕೊಳ್ಳೋಳು ನಾನಾ? ಮೂರು ಸಲ ಮೆಟ್ಟಿಲು ಹತ್ತಿದೋರು ಯಾರು?"

"ಅದಲ್ಲ, ಹೇಳ್ದೆ ಅಷ್ಟೆ."

ಅವಳ ಕೈಗೆ ಮೊಣಕೈ ತನಕ ಸೋಪಿನ ನೊರೆ. ನಾಲ್ಕನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಬಚ್ಚಲಿಂದ ಬಾಲ್ಕನಿಗೆ ಇರುವುದು ಒಂದೇ ದಾರಿ. ಆ ದಾರಿಗೆ ಅಡ್ಡ ಅವನು, ಅವನಿಗೆ ಅಡ್ಡ ಅವನ ಏಣಿ. "ಹೋಗಿ, ಹೋಗಿ, ಮೊದಲು ಹೋಗಿ ಇಲ್ಲಿಂದ!" ಎಂದಳು.

ಹೋದ. ಹನ್ನೊಂದು ಗಂಟೆಗೆ ರೈಲ್ವೆ ಗೋಡೆಯ ಹತ್ತಿರ ಎದೆ ಹಿಡಿದುಕೊಂಡು ಏಣಿಯ ಬುಡದಲ್ಲಿ ಕುಳಿತ. ಮತ್ತೆ ಏಳಲಿಲ್ಲ.

ಹೊರಡುವವರಿಗೆ 'ಹೋಗಿ ಬನ್ನಿ' ಎನ್ನುತ್ತಾರೆ. ಹಾಲು ಕೊಡುವವನಿಗೂ ಎನ್ನುತ್ತಾರೆ, ತಪ್ಪು ಬಾಗಿಲು ತಟ್ಟಿದವನಿಗೂ ಎನ್ನುತ್ತಾರೆ. ಇಪ್ಪತ್ತೊಂಬತ್ತು ವರ್ಷ ಅವಳೂ ಅಂದಿದ್ದಳು. ಆ ಒಂದು ದಿನ 'ಹೋಗಿ' ಎಂದು ಮೂರು ಸಲ ಅಂದಳು, 'ಬನ್ನಿ' ಎಂದು ಒಂದು ಸಲವೂ ಅನ್ನಲಿಲ್ಲ. ಈಗ ಅವಳಿಗೆ ಬೇಕಾಗಿದ್ದುದು ಇಷ್ಟೇ. ಎಲ್ಲಾದರೂ ಸಿಕ್ಕರೆ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು. ಸತ್ತವರು ಸಿಗುವುದಿಲ್ಲ ಎಂದು ಗೊತ್ತಿಲ್ಲದ ದಡ್ಡಿಯಲ್ಲ ಅವಳು. ಆದರೆ ಅವಳ ಗಂಡ ಏನಾದರೂ ಮರೆತು ವಾಪಸು ಬರುವ ಪೈಕಿ.

ಅವನು ಪೋಸ್ಟರ್ ಅಂಟಿಸುವವನು. ಆ ಮಹಾನಗರದಲ್ಲಿ ಯಾರು ಎಲ್ಲಿ ಹಾಡುತ್ತಾರೆ, ಯಾರು ಎಲ್ಲಿ ಕುಣಿಯುತ್ತಾರೆ ಎಂಬುದು ಅವನ ಕುಂಚದಿಂದಲೇ ಜಗತ್ತಿಗೆ ತಿಳಿಯಬೇಕು. ಇಷ್ಟಾಗಿ ಗಂಡ ಹೆಂಡಿರಿಬ್ಬರೂ ಒಂದು ಸಭಾಂಗಣದ ಒಳಗೂ ಕಾಲಿಟ್ಟವರಲ್ಲ. ಗೋಡೆಯ ಹೊರಮೈ ಬಗ್ಗೆ ಮಾತ್ರ ಅವನದು ಅಗಾಧ ಪಾಂಡಿತ್ಯ. ಈ ವರ್ಷ ಪೋಸ್ಟರ್ ಕಂಪನಿಯ ಯಜಮಾನನಿಗೆ ಅದೇನು ಮನಸ್ಸು ಕರಗಿತೋ, ಒಂದು ಜೋಡಿ ಪಾಸು ಕೊಟ್ಟಿದ್ದ. ವಸಂತದ ಕೊನೆಯ ಶನಿವಾರ, ಒಂದೇ ರಾತ್ರಿ, ನಾಲ್ಕು ಜಾಗ: ಸಂಗೀತ, ರಾತ್ರಿ ಸಂತೆ, ದೋಣಿ, ಹೊಳೆಯಾಚೆಯ ಹಳೇ ಪೇಟೆ. ಎರಡು ಚೀಟಿ, ಎರಡಕ್ಕೂ ಒಂದೇ ನಂಬರು, ಜಾಗಕ್ಕೊಂದು ತೂತು.

ಆ ಶನಿವಾರ ಬಂದಾಗ ಅವನು ಹೋಗಿ ಇಪ್ಪತ್ತೆರಡು ದಿನ.

"ಅತ್ತಿಗೆ, ನೀನು ಸೀರಿಯಸ್ಸಾಗಿ ಹೊರಟಿದ್ದೀಯಾ?" ಎಂದಳು ನಾದಿನಿ. ಅಣ್ಣ ಸತ್ತ ದಿನ ಬಂದವಳು ಇನ್ನೂ ಹೋಗಿರಲಿಲ್ಲ. ಮೂರನೇ ದಿನವೇ ಅಣ್ಣನ ಬಟ್ಟೆಗಳನ್ನೆಲ್ಲ ಮೂಟೆ ಕಟ್ಟಿ ಯಾರಿಗೋ ಸಾಗಿಸಿದ್ದಳು, ಕಣ್ಣೆದುರು ಇದ್ದರೆ ಅತ್ತಿಗೆ ಅಳುತ್ತಾಳೆ ಎಂದು. (ಅತ್ತಿಗೆ ಬಟ್ಟೆ ಇಲ್ಲದೆಯೂ ಅತ್ತಳು.)

"ಪಾಸು ಇವತ್ತಿಗೆ ಮುಗಿಯುತ್ತೆ."

"ಮುಗೀಲಿ ಬಿಡು! ನೋಡಿದೋರು ಏನಂತಾರೆ? ಇನ್ನೂ ತಿಂಗಳಾಗಿಲ್ಲ, ಸಂಗೀತ ಕೇಳೋಕೆ ಹೋದ್ಲು ಅನ್ನಲ್ವಾ?"

"ಪಾಸು ದಂಡ ಆದ್ರೆ ನಿಮ್ಮಣ್ಣ ಇನ್ನೊಂದ್ಸಲ ಸಾಯ್ತಾರೆ. ಒಂದ್ಸಲದ್ದೇ ಸಾಕು ನಂಗೆ."

ಈ ಜಗಳದಲ್ಲಿ ಮುಕ್ಕಾಲು ಗಂಟೆ ಹೋಯಿತು. ಸಭಾಂಗಣ ಮುಟ್ಟುವಾಗ ತಡವಾಗಿತ್ತು. ಬೀದಿಯ ಮರಗಳೆಲ್ಲ ಹೂ ಬಿಟ್ಟು, ದೀಪದ ಕೆಳಗೆ ಬೆಳ್ಳಗೆ ನಿಂತಿದ್ದವು. ಗಾಳಿಯೇ ಇಲ್ಲ, ಹೂವು ಮಾತ್ರ ಉದುರುತ್ತಿತ್ತು. ಬಾಗಿಲಲ್ಲಿ ಚೀಟಿ ತೂತು ಮಾಡುವ ದ್ವಾರಪಾಲಕ ನಂಬರು ನೋಡಿ ತಲೆ ಎತ್ತಿದ.

"ಐವತ್ತಮೂರಾ? ನಿಮ್ಮ ಜೋಡಿ ಆಗಲೇ ಒಳಗೆ ಹೋದ್ರಲ್ಲಮ್ಮ."

"ಯಾರು?"

"ನಿಮ್ಮೋರೇ ಇರ್ಬೇಕು. ಉದ್ದಕ್ಕಿದ್ರು. ಸೆಖೆಯಲ್ಲೂ ಕೋಟು."

ಅವಳ ಕಾಲು ಅಲ್ಲೇ ನಿಂತಿತು. ಆ ಕೋಟು ಅವಳಿಗೆ ಗೊತ್ತು. ಕಂದು ಬಣ್ಣದ ಉದ್ದ ಕೋಟು. ಅಂಟು ಮೆತ್ತಿ ಮೆತ್ತಿ ತೋಳು ರಟ್ಟಿನ ಹಾಗೆ ಗಟ್ಟಿಯಾಗಿ, ನಡೆದರೆ ಸರಬರ ಎನ್ನುವ ಕೋಟು. ಅದನ್ನು ತೊಡಿಸಿಯೇ ಅವನನ್ನು ಮಣ್ಣಿಗೆ ಕಳಿಸಿದ್ದಾರೆ ಎಂದು ಅವಳು ತಿಳಿದಿದ್ದಳು. ಆ ದಿನ ಅವಳು ಕಣ್ಣು ಬಿಟ್ಟು ನೋಡಿರಲಿಲ್ಲ.

ಒಳಗೆ ಕತ್ತಲು. ದೂರದ ಬೆಳಕಿನಲ್ಲಿ ಪಿಟೀಲುಗಳು ಸಣ್ಣಗೆ ಕೊಯ್ಯುತ್ತಿದ್ದವು. ಅವಳ ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲ. ಬೇರೆ ಖಾಲಿ ಕುರ್ಚಿಗಳ ಹಲಗೆಯೆಲ್ಲ ಮೇಲಕ್ಕೆ ಮಡಚಿಕೊಂಡಿತ್ತು, ಇದರದು ಕೆಳಗೆ ಇಳಿದಿತ್ತು. ಅಂಗೈ ಇಟ್ಟಳು. ಬೆಚ್ಚಗಿತ್ತು.

ಅದರಾಚೆ ಕೂತ ಮುದುಕಿ ಬಾಗಿ ಪಿಸುಗುಟ್ಟಿದಳು. "ನಿಮ್ಮ ಯಜಮಾನ್ರಾ? ದೀಪ ಆರಿದ್ದೇ ತಡ, ಗೊರಕೆ. ಈಗ ಎದ್ದು ಹೋದ್ರು. ನನ್ನ ಕಾಲು ತುಳಿದ್ರು. ಕ್ಷಮಿಸಿ ಅನ್ನೋಕೆ ಬಾಯಿ ಬರ್ಲಿಲ್ಲ."

ಗೊರಕೆ ಅವನದೇ, ಕ್ಷಮೆ ಕೇಳದ ಬಾಯಿಯೂ ಅವನದೇ. ಇಷ್ಟು ಪಕ್ಕಾ ಗುರುತು ಪೊಲೀಸರಿಗೂ ಸಿಗುವುದಿಲ್ಲ.

ಹೆದರಿಕೆ ಎರಡು ನಿಮಿಷ ಇತ್ತು. ಆಮೇಲೆ ಸಿಟ್ಟು ಬಂತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಗಂಡನ ಜೊತೆ ನಡೆದವಳೇ ಅಲ್ಲ, ಗಂಡನ ಹಿಂದೆ ನಡೆದವಳು. ಅವನದು ಏಣಿಯಂಥ ಕಾಲು, ಇವಳು ಅವನ ಮೊಣಕೈಗೆ ಬರುವವಳು. ಮದುವೆಗೆ ಹೋದರೂ ಆಸ್ಪತ್ರೆಗೆ ಹೋದರೂ ಅವನು ಹತ್ತು ಹೆಜ್ಜೆ ಮುಂದೆ. ಈಗ ನೋಡಿದರೆ ಸತ್ತ ಮೇಲೂ ಅದೇ ಚಾಳಿ. ಬಂದವನು ಕಾಯಬಾರದೇ?

ಎದ್ದು ಹೊರಟಳು. ಪಿಟೀಲಿನವರು ಅವಳ ಕಡೆ ನೋಡಿದರು. ನೋಡಲಿ.

ರಾತ್ರಿ ಸಂತೆಯ ಗೇಟಿನಲ್ಲೂ ಅದೇ ಮಾತು. "ಐವತ್ತಮೂರು ಒಳಗೆ ಹೋಗಿ ಹತ್ತು ನಿಮಿಷ ಆಯ್ತು." ಸಂತೆ ತುಂಬ ಲಾಟೀನು. ಹೂವಿನವರು, ಹಕ್ಕಿ ಪಂಜರದವರು, ಕನ್ನಡಿ ಮಾರುವವರು. ಕನ್ನಡಿಯ ಸಾಲಿನ ಮುಂದೆ ಹಾಯುವಾಗ ಒಂದು ಕನ್ನಡಿಯಲ್ಲಿ ಕಂಡಿತು, ಜನರ ತಲೆಗಳ ಮೇಲೆ ಒಂದು ಕಂದು ಬೆನ್ನು. ತಿರುಗಿ ನೋಡಿದರೆ ಇಲ್ಲ. ಮುಂದಿನ ಕನ್ನಡಿಯಲ್ಲಿ ಮತ್ತೆ ಇದೆ.

"ರೀ!" ಎಂದು ಕೂಗಿದಳು.

ಹದಿನೈದು ಗಂಡಸರು ತಿರುಗಿ ನೋಡಿದರು. ಕೋಟು ಮಾತ್ರ ತಿರುಗಲಿಲ್ಲ. ಕುತ್ತಿಗೆಯನ್ನು ಕಾಲರಿನೊಳಗೆ ಎಳೆದುಕೊಂಡು ಇನ್ನೂ ಜೋರಾಗಿ ನಡೆಯಿತು. ಅವಳಿಗೆ ಇದ್ದ ಅನುಮಾನವೂ ಹೋಯಿತು. ಕರೆದರೆ ತಿರುಗದಿರುವವನು ಲೋಕದಲ್ಲಿ ಅವನೊಬ್ಬನೇ.

ದೋಣಿಕಟ್ಟೆಗೆ ಓಡಿದಳು. ದೋಣಿ ಆಗಲೇ ಬಿಟ್ಟಿತ್ತು. ಹಿಂಭಾಗದಲ್ಲಿ ಕೋಟು ಬೆನ್ನು ಮಾಡಿ ನಿಂತಿತ್ತು. ಅದರ ಸುತ್ತ ಮಂಜು.

"ನಿಮ್ಮೋರು ಈಗಷ್ಟೇ ಹೋದ್ರಮ್ಮ," ಎಂದ ಇನ್ನೊಂದು ದೋಣಿಯವನು. "ಹಿಂದೆ ನಿಮ್ಮ ಹೆಂಡ್ತಿ ಬರ್ತಾ ಇದ್ದಾರೆ, ನಿಲ್ಲಿಸ್ಲಾ ಅಂತ ಕೇಳ್ದೆ. 'ಬೇಡ ಬೇಡ, ಬೇಗ ಬಿಡು' ಅಂದ್ರು."

ಈ ಮಾತು ಎದೆಗೆ ನಾಟಿತು. ಹಾಗಾದರೆ ಅವನಿಗೆ ಸಿಟ್ಟಿದೆ. ಹೋಗಿ ಅಂದದ್ದನ್ನು ಅವನು ಮರೆತಿಲ್ಲ. ಕನ್ನಡಕ ಮರೆಯುತ್ತಾನೆ, ಇದನ್ನು ಮರೆಯುವುದಿಲ್ಲ.

ದೋಣಿಯಲ್ಲಿ ಅವಳೊಬ್ಬಳೇ. ನೀರು ಕಪ್ಪಗೆ, ಸದ್ದಿಲ್ಲದೆ ಹರಿಯುತ್ತಿತ್ತು. ಆಚೆ ದಡದಲ್ಲಿ ಒಂದು ದೀಪ ಕಂಡಿತು. ಅವಳು ದೋಣಿಯವನನ್ನು ಮೆಲ್ಲಗೆ ಕೇಳಿದಳು. "ಆ ದಡಕ್ಕೆ ಹೋದೋರು ವಾಪಸ್ ಬರ್ಬಹುದಾ?"

"ಬರ್ದೆ ಏನಮ್ಮ? ಹನ್ನೆರಡರ ತನಕ ದೋಣಿ ಇದೆ."

ಹಳೇ ಪೇಟೆಯ ಓಣಿಗಳು ಎರಡು ಕೈ ಚಾಚಿದರೆ ಮುಗಿಯುವಷ್ಟು ಅಗಲ. ಮೇಲಿನ ಕಿಟಕಿಗಳಲ್ಲಿ ಯಾರೋ ಹಾಡಿ ಮುಗಿಸಿ ದೀಪ ಆರಿಸುತ್ತಿದ್ದರು. ಗೋಡೆಗಳ ತುಂಬ ಪೋಸ್ಟರುಗಳು. ಒಂದನ್ನು ಮುಟ್ಟಿದಳು, ಅಂಟು ಇನ್ನೂ ಹಸಿ. ಬೆರಳು ಮೂಸಿದಳು, ಅವನದೇ ವಾಸನೆ. (ಕಂಪನಿಯಲ್ಲಿ ಪೋಸ್ಟರ್ ಅಂಟಿಸುವವರು ಇನ್ನೂ ಇಬ್ಬರಿದ್ದಾರೆ ಎಂಬುದು ಆ ಹೊತ್ತಿಗೆ ಯಾರಿಗೆ ನೆನಪಾಗುತ್ತದೆ?) ಮುಂದಿನ ತಿರುವಿನಲ್ಲಿ ಸರಬರ, ಸರಬರ ಎಂದು ಸದ್ದು. ಅವಳು ಹಿಂದೆಯೇ ಹೋದಳು. ಓಣಿ ಒಂದು ಗೋಡೆಗೆ ಬಂದು ಮುಗಿಯಿತು. ಗೋಡೆಗೆ ಮುಖ ಮಾಡಿ, ತಲೆ ತಗ್ಗಿಸಿ ಕೋಟು ನಿಂತಿತ್ತು.

ಅವಳು ಹತ್ತು ಹೆಜ್ಜೆಯನ್ನೂ ನಡೆದು ಹೋಗಿ ಬೆನ್ನಿನ ಬಟ್ಟೆ ಹಿಡಿದಳು. ಮುಖ ನೋಡುವ ಧೈರ್ಯ ಬರಲಿಲ್ಲ. ಬೆನ್ನಿಗೇ ಹೇಳಿದಳು.

"ಹೋಗಿ ಅಂದೆ, ತಪ್ಪೇ. ಕೈಯಲ್ಲಿ ನೊರೆ ಇತ್ತು, ನೀವು ಅಡ್ಡ ನಿಂತಿದ್ರಿ, ಬಾಯಿಗೆ ಬಂದದ್ದು ಅಂದೆ. ಬನ್ನಿ ಅನ್ನೋದು ಮರೆತೆ. ಅಷ್ಟಕ್ಕೇ ಹೀಗೆ ಮಾಡೋದಾ?"

ಗೋಡೆಯ ಕಡೆಯಿಂದ ಮೂಗು ಕಟ್ಟಿದ ದನಿ ಬಂತು. "ನಿಂದೇನೂ ತಪ್ಪಿಲ್ಲ. ನಂದೇ ತಪ್ಪು."

ಅವಳ ಕೈ ಸಡಿಲವಾಯಿತು.

"ಎಲ್ಲಾ ನಂದೇ ತಪ್ಪು," ದನಿ ಮುಂದುವರಿಯಿತು. "ನಿಂಗೆ ಮೊದಲೇ ಹೇಳ್ಬೇಕಿತ್ತು. ದಯವಿಟ್ಟು ಕ್ಷಮಿಸು."

ಆಗ ಅವಳಿಗೆ ಗೊತ್ತಾಯಿತು. ಇವನು ಅವನಲ್ಲ. ಅವಳ ಗಂಡ ಬದುಕಿಡೀ ಒಮ್ಮೆಯೂ ತಪ್ಪು ನಂದು ಎಂದವನಲ್ಲ. ಸತ್ತು ಇಪ್ಪತ್ತೆರಡು ದಿನದಲ್ಲಿ ಮನುಷ್ಯ ಇಷ್ಟು ಸುಧಾರಿಸಲು ಸಾಧ್ಯವೇ ಇಲ್ಲ.

"ಈ ಕಡೆ ತಿರುಗಿ," ಎಂದಳು.

ತಿರುಗಿದ. ಮೀಸೆ ಇಲ್ಲದ, ಬೆವೆತ, ಅಪರಿಚಿತ ಮುಖ. ಅವಳನ್ನು ಕಂಡು ಅವನು ಕಿಟಾರನೆ ಕಿರುಚಿದ.

"ಯಾರಮ್ಮಾ ನೀನು? ನನ್ನ ಹೆಂಡ್ತಿ ಎಲ್ಲಿ?"

"ನಿಮ್ಮ ಹೆಂಡ್ತಿ ನಂಗೇನು ಗೊತ್ತು? ಈ ಕೋಟು ಎಲ್ಲಿಂದ ಬಂತು, ಅದು ಹೇಳಿ."

ಹಳೇ ಬಟ್ಟೆ ಅಂಗಡಿಯಿಂದ ಬಂದಿತ್ತು. (ನಾದಿನಿಯ ಮೂಟೆ!) ಜೇಬಿನಲ್ಲಿ ಪಾಸಿನ ಚೀಟಿ ಇತ್ತು. ಇವನು ಒಂದು ಗೋದಾಮಿನ ರಾತ್ರಿ ಕಾವಲುಗಾರ. ಕೆಲಸ ಹೋಗಿ ಎರಡು ತಿಂಗಳಾಗಿದೆ, ಹೆಂಡತಿಗೆ ಹೇಳುವ ಧೈರ್ಯ ಸಾಲದೆ ದಿನಾ ರಾತ್ರಿ ಡ್ಯೂಟಿಗೆಂದು ಹೊರಟು ಊರು ಸುತ್ತುತ್ತಾನೆ. ಇವತ್ತು ನೋಡಿದರೆ, ಹೋದಲ್ಲೆಲ್ಲ "ಹಿಂದೆ ನಿಮ್ಮ ಹೆಂಡ್ತಿ ಬರ್ತಿದ್ದಾರೆ" ಎನ್ನುತ್ತಿದ್ದಾರೆ. ಸಿಕ್ಕಿಬಿದ್ದೆ ಎಂದು ಓಡಿದ.

"ಪಾಪ, ಅಲ್ಲೂ ಅರ್ಧಕ್ಕೇ ಎದ್ದು ಬಂದ್ರಿ," ಎಂದಳು ಅವಳು. "ಸಂಗೀತದಲ್ಲಿ."

"ಸಂಗೀತಕ್ಕಾ? ಅಲ್ಲಿಗೆ ನಾನು ಹೋಗೇ ಇಲ್ಲ. ನನ್ನ ಹೆಂಡ್ತಿ ತಂಗಿ ಅಲ್ಲಿ ಟಿಕೆಟ್ ಕೊಡೋದು. ಆ ಬೀದಿಗೇ ಕಾಲಿಡಲ್ಲ ನಾನು. ಸಂತೆ, ದೋಣಿ, ಈ ಪೇಟೆ, ಮೂರೇ."

ಅವಳು ಅವನ ಚೀಟಿ ಇಸಿದುಕೊಂಡು ದೀಪಕ್ಕೆ ಹಿಡಿದಳು. ಬೆಳಕು ನಾಲ್ಕು ತೂತಿನಿಂದ ಬಂತು.

ಇನ್ನೊಮ್ಮೆ ಎಣಿಸಲಿಲ್ಲ. ಅವನನ್ನು ಕೇಳಲೂ ಇಲ್ಲ. ಕೇಳಿದರೆ ಅವನು ಏನಾದರೂ ಸರಿಯಾದ ಕಾರಣ ಹೇಳಿಬಿಟ್ಟರೆ ಎಂದು ಭಯವಾಯಿತು.

"ಮನೆಗೆ ಹೋಗಿ ಹೆಂಡ್ತಿಗೆ ಹೇಳಿಬಿಡಿ," ಎಂದಳು.

"ಬೈತಾಳೆ."

"ಬೈಯೋಕೆ ಇದ್ದಾಳಲ್ಲ."

ಅವನು ಓಣಿಯ ತಿರುವಿನ ಕಡೆ ನಡೆದ. ಕೋಟಿನ ಬೆನ್ನು ಹೋಗುತ್ತಿದೆ, ಇನ್ನೊಮ್ಮೆ. ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು. "ಬನ್ನಿ!" ಕಿಟಕಿಗಳಲ್ಲಿ ಮೂರು ದೀಪ ಹೊತ್ತಿಕೊಂಡವು.

ಆ ಮಾತಿನ ಫಲ ಮರುದಿನವೇ ಸಿಕ್ಕಿತು. ಮಧ್ಯಾಹ್ನ ಬಾಗಿಲು ತೆರೆದರೆ ಕೋಟು ಮಡಚಿ ಹಿಡಿದುಕೊಂಡು ಅವನು ನಿಂತಿದ್ದ. ಪೋಸ್ಟರ್ ಕಂಪನಿಯ ಯಜಮಾನನ ಹತ್ತಿರವಿದ್ದ ಪಾಸಿನ ಪಟ್ಟಿಯಿಂದ ವಿಳಾಸ ಹುಡುಕಿಕೊಂಡು ಬಂದಿದ್ದಾರೆ. ಪಕ್ಕದಲ್ಲಿ ಅವನ ಹೆಂಡತಿ, ಸೊಂಟಕ್ಕೆ ಎರಡೂ ಕೈ.

"ನೀವೇ ಏನಮ್ಮ ಅದು? ನಿಜ ಹೇಳಿ. ಇವರು ನಿಮ್ಮ ಹಿಂದೆ ಬಂದ್ರಾ, ನೀವು ಇವರ ಹಿಂದೆ ಹೋದ್ರಾ?"

"ನಾನೇ ಹೋದೆ."

"ಎಷ್ಟು ಹೊತ್ತು?"

"ಮೂರು ಗಂಟೆ ಇರ್ಬಹುದು."

"ಬನ್ನಿ ಅಂತ ಬೀದಿಯಲ್ಲಿ ಕೂಗಿದ್ದು?"

"ಅದೂ ನಾನೇ."

ಹಿಂದಿನಿಂದ ನಾದಿನಿ, "ಅಯ್ಯೋ ಅತ್ತಿಗೆ!" ಎಂದು ಗೋಡೆ ಹಿಡಿದುಕೊಂಡಳು. ಸುಳ್ಳು ಹೇಳಲು ಬಾರದವರ ಬಾಯಲ್ಲಿ ನಿಜ ಎಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಅತ್ತಿಗೆಗೆ ಅವತ್ತು ತಿಳಿಯಿತು. ಎಲ್ಲವನ್ನೂ ಮೊದಲಿಂದ ಹೇಳಿ ಮುಗಿಸುವಾಗ ಸಂಜೆಯಾಯಿತು. ಕಾವಲುಗಾರನ ಹೆಂಡತಿ ಮೂಗು ಒರೆಸಿಕೊಂಡು, ಮೂಲೆಯ ಏಣಿ ನೋಡಿ, ಗಂಡನ ಉದ್ದ ನೋಡಿ, "ಈ ಕೆಲಸಕ್ಕೆ ಇನ್ನೂ ಯಾರೂ ಸಿಕ್ಕಿಲ್ವಾ?" ಎಂದು ಕೇಳಿದಳು. ಸಿಕ್ಕಿರಲಿಲ್ಲ. ಸೋಮವಾರದಿಂದ ಅವನೇ ಸೇರಿಕೊಂಡ. ಕೋಟನ್ನೂ ಅವನೇ ಒಯ್ದ. ಕೆಲಸದ ಬಟ್ಟೆ ಕೆಲಸ ಮಾಡುವವರ ಮೈಮೇಲೆ ಇರಲಿ ಎಂದು ಅವಳೇ ಕೊಟ್ಟಳು. ಆದರೆ ಇಷ್ಟು ವರ್ಷ ಗಂಡನಿಗೆ ಅಂಟು ಕಾಯಿಸಿ ಕೊಡುತ್ತಿದ್ದವಳು ಅವಳು. ಅದು ಅವನಿಗೂ ಬರುವುದಿಲ್ಲ, ಅವನ ಹೆಂಡತಿಗೂ ಬರುವುದಿಲ್ಲ. ಅವರು ಕಾಯಿಸಿದ್ದರಲ್ಲಿ ಒಂದು ಪೋಸ್ಟರೂ ಅರ್ಧ ದಿನ ನಿಲ್ಲಲಿಲ್ಲ.

ಹಾಗಾಗಿ ಈಗಲೂ ಅವಳು ದಿನಾ ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಹಿಟ್ಟು ಸುರಿದು, ಗಂಟು ಕಟ್ಟದ ಹಾಗೆ ತಿರುವುತ್ತಾಳೆ. ಬಕೆಟ್ಟಿಗೆ ತುಂಬಿ ಬಾಗಿಲ ಹೊರಗೆ ಇಟ್ಟು, ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಕೋಟು ಸರಬರ ಎನ್ನುತ್ತದೆ. ಬಕೆಟ್ಟಿನ ಹಿಡಿ ಟಣ್ ಎನ್ನುತ್ತದೆ. ಯಾರು ಎತ್ತಿಕೊಂಡರು ಎಂದು ಅವಳು ತೆರೆದು ನೋಡುವುದಿಲ್ಲ. ಪಾತ್ರೆಯ ತಳ ಕೆರೆಯುತ್ತಾ ಕೂರುತ್ತಾಳೆ.