ಮಾವಿನಕಾಯಿಗೆ ಹಾಕಿದ ಹೊಲಿಗೆ

“ಮಚ್ಚೇನ ಕೆಣಕಬೇಡ ಕಣೇ, ಮನೆ ಅದೃಷ್ಟ ಅದರಲ್ಲಿರುತ್ತೆ” ಎಂದು ಬಾಲ್ಯದಲ್ಲಿ ಅಜ್ಜಿ ಹೇಳುತ್ತಿದ್ದಳು. ನಾನು ನಂಬಿದ್ದೆ. ಆದರೆ ಕೆಲವು ವರ್ಷಗಳ ಹಿಂದೆ ಅವಳ ಮೂಗಿನ ಪಕ್ಕ ಎದ್ದ ಮಚ್ಚೆಯೇ ಹುಣ್ಣಾಗಿ, ಮುಖ ತೊಳೆದಾಗಲೆಲ್ಲ ರಕ್ತ ಜಿನುಗತೊಡಗಿದಾಗ, ಇದೆಂಥ ಅದೃಷ್ಟ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಪರೀಕ್ಷೆ ಮಾಡಿದವರು ಚರ್ಮದ ಕ್ಯಾನ್ಸರ್ ಎಂದರು; ಈಗಲೇ ತೆಗೆಸಿದರೆ ಗುಣವಾಗುತ್ತದೆ ಎಂದೂ ಹೇಳಿದರು. ಅಜ್ಜಿ ಒಪ್ಪಲಿಲ್ಲ. “ಇದು ಬಂದ ವರ್ಷವೇ ನಿನಗೆ ಎಂ.ಎ. ಸೀಟು ಸಿಕ್ಕಿದ್ದು. ತೆಗೆಸಿಬಿಟ್ರೆ ನಿನಗೆ ಕೆಲಸ ಸಿಗುತ್ತೇನೇ?”

ಕೆಲಸ ಸಿಕ್ಕಿತು. ಅದೂ ಎಲ್ಲಿ? ತಾಲ್ಲೂಕಿನ ವೈದ್ಯರಿಗೆ ಚರ್ಮದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಮೊದಲ ಪಾಠಗಳನ್ನು ಹೇಳಿಕೊಡುವ, ಕೋಲಾರದ ಆಸ್ಪತ್ರೆಯ ಮೂರು ದಿನಗಳ ಶಿಬಿರದಲ್ಲಿ! ರೋಗಿಗಳಿಗಾಗಿ ಕನ್ನಡದಲ್ಲಿ ಕರಪತ್ರ ಬರೆದುಕೊಡುವುದು ನನ್ನ ಹೊಣೆ. ಕತ್ತರಿ, ಚಿಮಟಗಳ ನಡುವೆ ನಗುವಿಗೆ ಜಾಗವೆಲ್ಲಿ ಎಂದುಕೊಂಡಿದ್ದೆ. ಅದು ದಿನವೂ ತಾನಾಗಿಯೇ ಜಾಗ ಮಾಡಿಕೊಂಡು ಬರುತ್ತಿತ್ತು.

ಉಳಿದದ್ದು

ಮನುಷ್ಯರ ಚರ್ಮಕ್ಕೆ ಕತ್ತಿ ತಾಗಿಸುವ ಮೊದಲು ಮಾವಿನಕಾಯಿಯ ಮೇಲೆ ಕೈ ಪಳಗಬೇಕೆಂಬುದು ಕಲಿಸಲು ಬಂದಿದ್ದ ಹಿರಿಯ ವೈದ್ಯೆಯ ನಿಯಮ. ಸಿಪ್ಪೆಯ ಮೇಲೊಂದು ಚುಕ್ಕೆಯಿಟ್ಟು ಅದನ್ನೇ ರೋಗವೆಂದು ತಿಳಿಯಬೇಕು. ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ಸೇರಿಸಿ ಕತ್ತರಿಸಿ, ಹೊಲಿಗೆ ಹಾಕಬೇಕು. ಮಾಲೂರಿನ ವೈದ್ಯರು ರೈಲಿನ ಹೊತ್ತು ನೋಡಿಕೊಳ್ಳುತ್ತ ಚುಕ್ಕೆಯ ಅಂಚಿಗೇ ಕತ್ತರಿಸಿ ಬೈಸಿಕೊಂಡರು. ಅದನ್ನು ಕಂಡ ಶ್ರೀನಿವಾಸಪುರದ ವೈದ್ಯರು ಒಳ್ಳೆಯ ಭಾಗವನ್ನು ಸೇರಿಸುತ್ತಲೇ ಹೋಗಿ ಗೊರಟನ್ನು ಮುಟ್ಟಿದರು.

“ಡಾಕ್ಟ್ರೇ, ರೋಗಿಗೆ ಏನು ಉಳಿಸಿದ್ರಿ?” ಎಂದರು ಹಿರಿಯ ವೈದ್ಯೆ.

“ಓಟೆ ಇದೆ, ಮೇಡಂ.”

ಸಂಜೆ ಇದನ್ನು ಮನೆಯಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಅಜ್ಜಿ ಮಾತ್ರ ಮೂಗನ್ನು ಸೆರಗಿನಿಂದ ಮುಚ್ಚಿಕೊಂಡಳು.

ನನ್ನ ಕರಪತ್ರ

“ಛೇದನಾನಂತರ ವ್ರಣಸ್ಥಾನವನ್ನು ಜಲಸ್ಪರ್ಶದಿಂದ ಸಂರಕ್ಷಿಸತಕ್ಕದ್ದು” ಎಂದು ಆರಂಭಿಸಿ ಒಂದು ಪುಟ ಬರೆದೆ. ವಾರ್ಡಿನ ಆಯಾಗೆ ಹೆಮ್ಮೆಯಿಂದ ಓದಿ ಹೇಳಿದೆ. ಆಕೆ ಭಕ್ತಿಯಿಂದ ಕೇಳಿ, “ಶಾನೆ ಚೆನ್ನಾಗೈತಮ್ಮಾ. ಪೂಜೆ ಯಾವತ್ತು?” ಎಂದಳು.

ಮರುಕ್ಷಣವೇ ಹಾಳೆ ಹರಿದೆ. “ಗಾಯಕ್ಕೆ ನೀರು ತಾಗಿಸಬೇಡಿ” ಎಂಬಲ್ಲಿಂದ ಕೊನೆಯವರೆಗೆ ಆಕೆ ಹೇಳಿದಂತೆ ಬರೆದುಕೊಂಡೆ. ಎರಡು ವರ್ಷದ ಎಂ.ಎ.ಯಲ್ಲಿ ಕಲಿಯದೆ ಉಳಿದದ್ದನ್ನು ಅರ್ಧ ಗಂಟೆಯಲ್ಲಿ ಕಲಿಸಿದ ಆ ತಾಯಿಗೆ ನಾನು ಋಣಿ.

ಹೊಸ ರೋಗಿ

ಕತ್ತರಿಸಿದ ತುಂಡನ್ನು ಎಸೆಯಬಾರದು. ಸೀಸೆಗೆ ಹಾಕಿ, ರೋಗಿಯ ವಿವರ ಬರೆದು ಪರೀಕ್ಷೆಗೆ ಕಳಿಸಬೇಕು. ಮುಳಬಾಗಿಲಿನ ಕಿರಿಯ ವೈದ್ಯರು ಅಭ್ಯಾಸವೆಂದು ಬಿಡದೆ ಶ್ರದ್ಧೆಯಿಂದ ಬರೆದಿದ್ದರು: “ಹೆಸರು: ಮಾವಿನಕಾಯಿ. ಊರು: ಶ್ರೀನಿವಾಸಪುರ. ಮದುವೆ: ಆಗಿಲ್ಲ.”

ಜಾಡಿಯ ಪಾಠ

ಕೊನೆಯ ದಿನ, ನನ್ನ ಕೆಲಸ ನೋಡಬೇಕೆಂಬ ನೆಪದಲ್ಲಿ ಅಜ್ಜಿಯನ್ನು ಕರೆತಂದೆ. ಬಾಗಿಲಲ್ಲೇ ಎಚ್ಚರಿಸಿದಳು: “ಕುರುಡುಮಲೆ ಗಣಪನಿಗೆ ಕೈಮುಗಿದು ಬಂದಿದೀನಿ. ನನ್ನನ್ನ ಒಪ್ಪಿಸೋಕೆ ಮಾತ್ರ ಬರಬೇಡಿ.”

ಯಾರೂ ಹೋಗಲಿಲ್ಲ. ಅವಳೇ ಮೇಜಿನ ಬಳಿ ಹೋದಳು. ನಲವತ್ತು ವರ್ಷ ಉಪ್ಪಿನಕಾಯಿ ಹಾಕಿದ ಕೈ. ಕತ್ತರಿಸಿದ ಮಾವಿನಕಾಯಿ ಕಂಡು ಸುಮ್ಮನಿದ್ದೀತೇ? ಮಾಲೂರಿನ ವೈದ್ಯರ ಕಾಯಿಯನ್ನೆತ್ತಿ, ಕತ್ತರಿಸಿದ ಅಂಚಿನಲ್ಲಿ ಉಳಿದಿದ್ದ ಚುಕ್ಕೆ ಯಾಕೆಂದು ಕೇಳಿದಳು.

“ಕೆಟ್ಟ ಜಾಗ ಅಂದ್ಕೊಳ್ಳಿ, ಅಜ್ಜಿ.”

“ಏಮಪ್ಪಾ, ಓದಿದೋನು ಹಿಂಗಾ ಕೊಯ್ಯೋದು? ಸುತ್ತ ಒಳ್ಳೇದನ್ನೂ ಒಂಚೂರು ಸೇರಿಸಿ ತೆಗೀಬೇಕು. ಎಳ್ಳಷ್ಟು ಉಳಿದ್ರೂ ಜಾಡಿನೇ ಹಾಳು!”

ಹಿರಿಯ ವೈದ್ಯೆ ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟರು. “ಮೂರು ದಿನದಿಂದ ನಾನು ಬಡ್ಕೊಳ್ತಿರೋದು ಇದನ್ನೇ” ಎಂದವರು, ಮೆಲ್ಲನೆ ಕೇಳಿದರು: “ಅಜ್ಜಿ, ಕೆಟ್ಟದ್ದನ್ನು ಹಾಗೇ ಬಿಟ್ರೆ?”

“ಬಿಡ್ತಾರೇನಮ್ಮಾ ಯಾರಾದ್ರೂ?” ಎಂದ ಅಜ್ಜಿಯ ಕೈ ತಾನಾಗಿಯೇ ಮೂಗಿನ ಪಕ್ಕಕ್ಕೆ ಹೋಗಿ ನಿಂತಿತು. ಅವಳು ನನ್ನ ಮುಖ ನೋಡಿದಳು. “ನಿನಗೆ ಕೆಲಸ ಸಿಕ್ತಲ್ವೇನೇ?”

“ಸಿಕ್ತು, ಅಜ್ಜಿ.”

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ಗುರುವಾರ ನಾನು ಇದನ್ನ ತೆಗೆಸ್ಕೊಳ್ತೀನಿ. ಈ ದೊಡ್ಡ ಡಾಕ್ಟರಮ್ಮನೇ ತೆಗೀಬೇಕು. ಆ ಶ್ರೀನಿವಾಸಪುರದ ಅಪ್ಪನ್ನ ಮಾತ್ರ ಅವತ್ತು ಒಳಗೆ ಬಿಡಬೇಡಿ. ಬರೀ ನನ್ನ ಓಟೆ ಮನೆಗೆ ಹೋಗೋದು ಬೇಡ!”